ಎಂಟು ಪದರದ ಮಿಷನ್ನು

ಅವತ್ತು ಬುಧವಾರ, ಹಾಸನದ ನಮ್ಮ ಮನೆಯ ಜಗಲಿಯಲ್ಲಿ ನಾಲ್ಕು ಜನ ಇದ್ದೆವು. ನಾನು, ನಮ್ಮ ಮನೆಯ ಹಿಂಬದಿಯ ಮನೆಯಲ್ಲೇ ಇರುವ ನನ್ನ ನಾದಿನಿ ಗೌರಿ, ಕಣ್ಣಿನ ಡಾಕ್ಟರಿಗೆ ತೋರಿಸಿಕೊಳ್ಳಲು ಹಿರೀಸಾವೆಯಿಂದ ಬಂದು ವಾರವಾದರೂ ಹೊರಡುವ ಮಾತೆತ್ತದ ನನ್ನ ಸೋದರಮಾವ ತಿಮ್ಮೇಗೌಡ, ಮತ್ತೆ ಆಟೋ ಓಡಿಸುವ ಮಂಜಣ್ಣ. ನಮ್ಮ ನಡುವೆ ನನ್ನ ಹೊಲಿಗೆ ಮಿಷನ್ನು ಕೂತಿತ್ತು. ಬೆಳ್ಳಗೆ, ಹಗುರಾಗಿ, ಮೋಟಾರು ಸಮೇತ ಇರುವ, ನೋಡಿದರೆ ಮಿಕ್ಸಿಯ ತಂಗಿಯಂತೆ ಕಾಣುವ ಮಿಷನ್ನು. ಅದರ ಬಾಯಿಗೆ ಮಂಜಣ್ಣನ ಆಟೋ ಟಾಪಿನ ರೆಕ್ಸಿನ್ನು ತುರುಕಿದ್ದೆವು. ಅದು ಒಂದು ಸಲ ನರಳಿತು. ಆಮೇಲೆ ಟಪ್ ಅಂತ ಸೂಜಿ ಮುರಿಯಿತು. ಮೂರನೇ ಸೂಜಿ.

"ಮೇಕೆಮರಿ ಕುತ್ಗೆಗೆ ನೊಗ ಕಟ್ಟಿದ್ದೀರಲ್ರವ್ವ, ಬುಟ್ಬುಡಿ ಪಾಪ" ಎಂದರು ಮಾವ.

ಗೌರಿ ಆರು ವರ್ಷ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಕುಶನ್ ಅಂಗಡಿಯಲ್ಲಿ ಆಟೋ ಟಾಪು, ಟ್ರ್ಯಾಕ್ಟರ್ ಸೀಟು ಹೊಲಿದವಳು. ಅಂಗಡಿಯ ಯಜಮಾನರು ವಯಸ್ಸಾಯಿತೆಂದು ಬಾಗಿಲು ಹಾಕಿ ಮಿಷನ್ನನ್ನೂ ಮಾರಿಬಿಟ್ಟಿದ್ದರು. ಈಗ ಅವಳೇ ಸ್ವಂತ ಕೆಲಸ ಹಿಡಿಯಬೇಕು. ಅದಕ್ಕೆ ಮಂಜಣ್ಣ ಒಂದು ಶರತ್ತು ಹೊತ್ತು ತಂದಿದ್ದ.

"ನಂದೇನಿಲ್ಲ ಕಣಕ್ಕ. ಸ್ಟ್ಯಾಂಡಿನೋರು ಅಂತವ್ರೆ, ಹೆಂಗ್ಸು ಹೊಲ್ದ್ರೆ ಟಾಪು ಸೋರ್ತದೆ ಅಂತ. ಆ ಅಂಗ್ಡೀಲಿ ಹೊಲೀತಿದ್ದೋಳು ಇವ್ಳೇ ಕಣ್ರಲಾ ಅಂದ್ರೂ ನಂಬಾಕಿಲ್ಲ. ಸೋಮವಾರಕ್ಕೆ ನನ್ ಗಾಡಿದು ಹೊಲ್ಕೊಡಿ. ಎಲ್ರ ಮುಂದೆ ನೀರು ಹುಯ್ದು ನೋಡ್ತೀವಿ. ಸೋರ್ಲಿಲ್ಲ ಅಂದ್ರೆ ಸ್ಟ್ಯಾಂಡಿನ ಗಾಡಿಯೆಲ್ಲಾ ನಿಮ್ ಬಾಗ್ಲಿಗೆ. ಸೋರ್ತೋ, ನಾನೂ ಏನೂ ಮಾಡಂಗಿಲ್ಲ."

ಗೌರಿ ಮಾತು ಕಡಿಮೆಯವಳು. ಮುರಿದ ಸೂಜಿಯ ತುದಿಯನ್ನು ನೆಲದಿಂದ ಆರಿಸಿಕೊಂಡು, "ಹಳೇ ಕಬ್ಬಿಣದ ಮಿಷನ್ ಬೇಕು ಅತ್ಗೆ. ಒಳಗೆ ಪ್ಲಾಸ್ಟಿಕ್ ಇರ್ಬಾರ್ದು. ಮೂಲೇಲಿ ರೆಕ್ಸಿನ್ನು ಮಡಚಿ ನವಾರ ಸೇರ್ಸಿದ್ರೆ ಎಂಟು ಪದರ ಆಯ್ತದೆ. ಎಂಟು ತಗೊಳೋದು ಬೇಕು" ಎಂದಳು. ಹಾಗೆಂದು ಒಳಗೆ ಹೋಗಿ ರೆಕ್ಸಿನ್ನು, ಕ್ಯಾನ್ವಾಸು, ನವಾರದ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಎಂಟು ಪದರದ ಒಂದು ಕಟ್ಟು ಮಾಡಿ ಬ್ಯಾಗಿಗೆ ಹಾಕಿಕೊಂಡಳು. ಹಪ್ಪಳದ ಕಟ್ಟಿನ ಹಾಗಿತ್ತು.

ಮಿಷನ್ನು ಹುಡುಕುವ ತಂಡಕ್ಕೆ ನಾನೇ ಮುಖ್ಯಸ್ಥೆ. ಯಾರೂ ಆರಿಸಲಿಲ್ಲ, ಆದರೆ ಮಹಿಳಾ ಸಮಾಜದ ಹೊಲಿಗೆ ಸರ್ಟಿಫಿಕೇಟು ನಮ್ಮ ನಡುಮನೆಯ ಗೋಡೆಯ ಮೇಲೆ ಗಾಜು ಹಾಕಿಸಿಕೊಂಡು ನೇತಾಡುತ್ತಿರುವಾಗ ಬೇರೆಯವರು ಹೇಗೆ ಮುಂದಾದಾರು? ಆ ಸರ್ಟಿಫಿಕೇಟಿನ ಕಾಲದಲ್ಲಿ ನಾನು ಹೊಲಿದ ಮೊದಲ ಲಂಗದ ಕಥೆ ಗೌರಿಗೆ ಗೊತ್ತಿಲ್ಲ, ನಿಮಗೆ ಹೇಳುತ್ತೇನೆ, ನಿಮ್ಮಲ್ಲೇ ಇರಲಿ. ಪಕ್ಕ ಹೊಲಿದೆ, ಅಂಚು ಹೊಲಿದೆ, ಉತ್ಸಾಹ ತಡೆಯದೆ ಸೊಂಟದ ಬಾಯಿ, ಕಾಲಿನ ಬಾಯಿ ಎರಡನ್ನೂ ಪೂರ್ತಿ ಹೊಲಿದೆ. ನಮ್ಮವ್ವ ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಒಂದು ಮಾತೂ ಬೈಯದೆ, ಒಂದು ಬದಿ ಕತ್ತರಿಸಿ ಒಳಗೆ ಬೂರುಗದ ಹತ್ತಿ ತುಂಬಿದಳು. ಆ ದಿಂಬಿನ ಮೇಲೆ ತಲೆಯಿಟ್ಟು ಮಾವ ಎಷ್ಟೋ ಮಧ್ಯಾಹ್ನ ಗೊರಕೆ ಹೊಡೆದಿದ್ದಾರೆ.

ಹಾಗೆ ನೋಡಿದರೆ ಹೊಲಿಗೆ ಮಿಷನ್ನಿಗೂ ನನಗೂ ಮೊದಲು ಸ್ನೇಹವಾದದ್ದು ಹೊಲಿಗೆಯಿಂದಲ್ಲ. ಹಿರೀಸಾವೆಯ ಚಿಕ್ಕಮ್ಮನ ಮನೆಯಲ್ಲೊಂದು ಕರಿಯ ಮಿಷನ್ನಿತ್ತು. ಅವಳು ನೀರಿಗೆ ಹೋದರೆ ಸಾಕು, ನಾವು ಮಕ್ಕಳು ಅದರ ಕೆಳಗೆ ನುಗ್ಗುತ್ತಿದ್ದೆವು. ಪೆಡಲ್ಲಿನ ಮೇಲೆ ಕೂತರೆ ಜೋಕಾಲಿ. ಪಕ್ಕದ ದೊಡ್ಡ ಚಕ್ರ ಹಿಡಿದರೆ ಬಸ್ಸಿನ ಸ್ಟೇರಿಂಗು. "ಹಿರೀಸಾವೆ, ಹಿರೀಸಾವೆ, ಯಾರ್ರೀ ಇಳ್ಯೋರು" ಎಂದು ನಾನು ಕೂಗಿದರೆ ನನ್ನ ತಮ್ಮ ಇಳಿದು, ಸುತ್ತಿ ಬಂದು, ಮತ್ತೆ ಹತ್ತುತ್ತಿದ್ದ. ಎಣ್ಣೆಯ ವಾಸನೆ ಕೂದಲಿಗೆ ಹತ್ತಿ ಚಿಕ್ಕಮ್ಮನಿಗೆ ಸಿಕ್ಕಿಬೀಳುತ್ತಿದ್ದೆವು. ಅವಳು ಕಿವಿ ಹಿಡಿದು ಎತ್ತುವ ಮೊದಲು ಕಿವಿಯ ಹಿಂದೆ ಮೂಸಿ ನೋಡುತ್ತಿದ್ದಳು. ಸಾಕ್ಷಿ ಇಲ್ಲದೆ ಶಿಕ್ಷೆ ಕೊಟ್ಟವಳಲ್ಲ.

ಇರಲಿ. ತಂಡಕ್ಕೆ ಮೂರನೆಯವರಾಗಿ ಮಾವ ತಾವಾಗಿಯೇ ಸೇರಿಕೊಂಡರು. ನಲವತ್ತು ವರ್ಷ ಅರ್ಧ ಹೋಬಳಿಗೆ ಎತ್ತು ಆರಿಸಿಕೊಟ್ಟವರು ಅವರು. "ಕೆಲ್ಸ ಮಾಡೋದು ಯಾವ್ದಾದ್ರೇನಮ್ಮಿ, ನೋಡೋ ಕಣ್ಣು ಒಂದೇಯ" ಎಂದರು. ಆ ಕಣ್ಣಿಗೇ ಡಾಕ್ಟರು ಮೂರು ಹೊತ್ತು ಔಷಧಿಯ ತೊಟ್ಟು ಹಾಕಲು ಹೇಳಿದ್ದರು.

ಗುರುವಾರ ಚನ್ನರಾಯಪಟ್ಟಣ. ಬಸ್ಸಿನಲ್ಲಿ ನಮಗಿಬ್ಬರಿಗೆ ಆಧಾರ್ ತೋರಿಸಿದರೆ ಮುಗಿಯಿತು, ಫ್ರೀ. ಮಾವನೊಬ್ಬರಿಗೇ ಟಿಕೆಟ್ಟು. ಅದನ್ನು ಅವರು ದಾರಿಯುದ್ದಕ್ಕೂ ಕೈಯಲ್ಲಿ ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡಿದ್ದರು.

ಹಳೇ ಸಾಮಾನಿನ ಆ ಅಂಗಡಿಯಲ್ಲಿ ಬಾಗಿಲಿಗೇ ಒಂದು ಮಿಷನ್ನು ಇಟ್ಟಿದ್ದರು. ಏನು ಕಪ್ಪು, ಏನು ಹೊಳಪು! ಮೈಮೇಲೆಲ್ಲ ಚಿನ್ನದ ಬಣ್ಣದ ಬಳ್ಳಿ, ಬಳ್ಳಿಯ ತುದಿಗೊಂದು ನವಿಲು. ನನ್ನ ಮನಸ್ಸು ಅಲ್ಲೇ ಹೋಯಿತು. ಮಾವ ಮೂರು ಸುತ್ತು ಹಾಕಿದರು. ಬೆನ್ನಿನ ಮೇಲೆ ಅಂಗೈಯಿಂದ ತಟ್ಟಿದರು. ಬಗ್ಗಿ ಕಾಲು ನೋಡಿದರು. "ಮೈಬಣ್ಣ ಚೆಂದಾಗದೆ. ಬೆನ್ನು ನೆಟ್ಗದೆ. ನಾಕು ಕಾಲೂ ಸಮ ಊರ್ತದೆ. ಕಟ್ಕೊಂಡೋಗಣ" ಎಂದರು.

"ಮಹಾರಾಜ್ರ ಕಾಲದ್ದು ಮೇಡಂ" ಎಂದ ಅಂಗಡಿಯವನು ನನ್ನ ಮುಖ ನೋಡಿಯೇ. ಗಿರಾಕಿ ಯಾರೆಂದು ಅವನಿಗೆ ಗೊತ್ತಾಗಿತ್ತು.

ಗೌರಿ ನವಿಲನ್ನು ನೋಡಲೇ ಇಲ್ಲ. ಸೂಜಿ ಕೂರಿಸುವ ಕಂಬಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಳು. ಅದು ಬೀಳಲು ರೆಡಿಯಾದ ಹಾಲುಹಲ್ಲಿನಂತೆ ಆ ಕಡೆ ಈ ಕಡೆ ಆಡಿತು. ಬ್ಯಾಗಿನಿಂದ ಕಟ್ಟು ತೆಗೆದು, ಬಟ್ಟೆ ಒತ್ತಿ ಹಿಡಿಯುವ ಕಾಲನ್ನು ಮೇಲೆತ್ತಿ ತುರುಕಲು ನೋಡಿದಳು, ಒಳಗೇ ಹೋಗಲಿಲ್ಲ. ಎರಡು ಪದರ ತೆಗೆದು, ಚಕ್ರವನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದಳು. ಸೂಜಿ ನಾಲ್ಕನೇ ಪದರದವರೆಗೆ ಇಳಿದು ಅಲ್ಲೇ ನಿಂತುಬಿಟ್ಟಿತು. ಆಮೇಲೆ ಉಗುರಲ್ಲಿ ಬಳ್ಳಿಯನ್ನು ಕೆರೆದಳು. ನವಿಲಿನ ಕುತ್ತಿಗೆ ಅವಳ ಉಗುರಿಗೆ ಬಂತು.

"ಇದ್ರಲ್ಲಿ ಹೊಲೀತೀರಾ?" ಅಂಗಡಿಯವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಹೊಲ್ಯಾಕೆ ಯಾರೂ ಕೇಳಾಕಿಲ್ಲ ಕಣಕ್ಕ. ರೆಸಾರ್ಟಿನೋರು ಬಂದು ಹೂಕುಂಡ ಇಡಾಕೆ ತಗೊಂಡೋಯ್ತಾರೆ."

ಅಂದಮೇಲೆ ಒಂದು ಮಾತು ನಾನೂ ಒಪ್ಪಿಕೊಳ್ಳಬೇಕು. ನಮ್ಮ ಕಡೆ ಎಷ್ಟು ಮನೆಯಲ್ಲಿ ಹೊಲಿಗೆ ಮಿಷನ್ನು ಹೊಲಿಗೆ ಮಿಷನ್ನಾಗಿ ಉಳಿದಿದೆ? ಮೇಲೊಂದು ಕ್ರೋಶಾ ಹೊದಿಸಿದರೆ ಟೀವಿ ಸ್ಟ್ಯಾಂಡು. ಗೋಡೆಗೆ ಒತ್ತರಿಸಿದರೆ ಇಸ್ತ್ರಿ ಆಗಬೇಕಾದ ಬಟ್ಟೆಯ ಗುಡ್ಡೆ. ನನ್ನದರ ಮೇಲೆ ವರ್ಷದ ಮುಕ್ಕಾಲು ಪಾಲು ಒಣಗಿದ ಶ್ಯಾವಿಗೆ ಇರುತ್ತದೆ.

ಶುಕ್ರವಾರ ಅರಕಲಗೂಡಿನ ಕಡೆ ಒಂದು ಹಳ್ಳಿ. ಮಂಜಣ್ಣನ ಪರಿಚಯದ ಲಲಿತಮ್ಮನ ಮನೆ. ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯ ಪಕ್ಕದ ಕೋಣೆಯಲ್ಲಿ ಮಿಷನ್ನಿತ್ತು. ಹಿಂದೆ ಹೊಗೆಸೊಪ್ಪಿನ ಪಿಂಡಿಗೆ ಗೋಣಿತಾಟು ಹೊಲಿಯುತ್ತಿದ್ದ ಮಿಷನ್ನಂತೆ. ಧೂಳು ಹಿಡಿದಿತ್ತು, ಆದರೆ ಗೌರಿಯ ಮುಖದಲ್ಲಿ ಆ ವಾರ ಮೊದಲ ಸಲ ಸ್ವಲ್ಪ ಬೆಳಕು ಕಂಡಿತು. ಚಕ್ರದ ಮೇಲೆ ಕೈ ಇಡಲು ಹೋದಳು. ಮಿಷನ್ನಿನ ಡ್ರಾಯರಿನ ಒಳಗಿಂದ ಯಾರೋ ಅವಳನ್ನು ಬೈದರು.

ಕೋಳಿ. ಡ್ರಾಯರಿನಲ್ಲಿ ಹುಲ್ಲು ಹಾಸಿಕೊಂಡು ಕಾವಿಗೆ ಕೂತಿತ್ತು.

"ಮುಟ್ಬ್ಯಾಡಿ ಕಣವ್ವಾ" ಎಂದು ಲಲಿತಮ್ಮ ಓಡಿಬಂದರು. "ಹನ್ನೊಂದು ಮೊಟ್ಟೆ ಇಕ್ಕಿವ್ನಿ. ಇವತ್ಗೆ ಒಂಬತ್ತು ದಿನ. ಇಪ್ಪತ್ತೊಂದಾಗ್ಲಿ, ಮರಿ ಕರ್ಕೊಂಡು ಅದೇ ಎದ್ದೋಯ್ತದೆ. ಆಮ್ಯಾಕೆ ಬಂದು ಎತ್ಕೊಂಡೋಗಿ."

"ಒಂದೇ ಒಂದ್ಸಲ ಚಕ್ರ ತಿರುಗಿಸಿ..." ಎಂದೆ ನಾನು.

"ಅದುರಿದ್ರೆ ಮೊಟ್ಟೆ ಕೆಡ್ತವೆ ಕಣಮ್ಮಿ ಜಯೀ" ಎಂದು ಮಾವ ಕೋಳಿಯ ಪಕ್ಷ ಸೇರಿದರು. ಗೌರಿಯೂ ಕೈ ಹಿಂದೆ ತೆಗೆದುಕೊಂಡಳು. ಕೋಳಿ ನಮ್ಮ ಮೂವರನ್ನೂ ಒಂದೊಂದೇ ಕಣ್ಣಲ್ಲಿ ನೋಡಿ, ರೆಪ್ಪೆ ಮುಚ್ಚಿತು. ಸೋಮವಾರಕ್ಕೆ ಉಳಿದದ್ದು ಮೂರು ದಿನ, ಕೋಳಿಗೆ ಬೇಕಾದದ್ದು ಹನ್ನೆರಡು.

ಲಲಿತಮ್ಮನಿಗೆ ನಮ್ಮನ್ನು ಬರಿಗೈಲಿ ಕಳಿಸಲು ಮನಸ್ಸಾಗಲಿಲ್ಲ. "ಹೊಳೆನರಸೀಪುರದಲ್ಲಿ ನಮ್ ಸೋದರತ್ತೆ ದ್ಯಾವಮ್ಮ ಅವ್ರೆ. ಅವ್ರ ತಾವ ಇದಕ್ಕಿಂತ ಗಟ್ಟಿ ಮಿಷನ್ ಅದೆ. ಆದ್ರೆ ಒಸಿ ನಾಜೂಕಾಗಿ ಮಾತಾಡಿ. ಅದಂದ್ರೆ ಪ್ರಾಣ ಅವ್ರಿಗೆ" ಎಂದರು.

ನಾಜೂಕು ಎಂಬ ಆ ಒಂದು ಮಾತನ್ನು ನಾನು ತಲೆಗೆ ಹಚ್ಚಿಕೊಂಡದ್ದೇ ಮುಂದಿನ ಅನಾಹುತಕ್ಕೆ ಕಾರಣ.

ಶನಿವಾರ ಹೋದೆವು. ಎಂಬತ್ತು ದಾಟಿದ ಹಣ್ಣು ಮುದುಕಿ ದ್ಯಾವಮ್ಮ, ಕುರ್ಚಿಯಲ್ಲಿ ನೆಟ್ಟಗೆ ಕೂತು ಸೀರಿಯಲ್ಲು ನೋಡುತ್ತಿದ್ದರು. ಟೀವಿಯ ಕೆಳಗೇ ಮಿಷನ್ನು. ಬಳ್ಳಿ ಇಲ್ಲ, ನವಿಲಿಲ್ಲ, ದಪ್ಪ ಕುತ್ತಿಗೆಯ, ಅಗಲ ಎದೆಯ ಕರಿ ಕಬ್ಬಿಣ. ಗೌರಿ ಅಲ್ಲೇ ನೆಲದ ಮೇಲೆ ಕೂತು ಅದರ ಹೊಟ್ಟೆಯ ಕೆಳಗೆ ಬಗ್ಗಿ ನೋಡತೊಡಗಿದಳು. ನಾನು ಸೆರಗು ಸರಿಮಾಡಿಕೊಂಡು, ದನಿಗೆ ಸಕ್ಕರೆ ಬೆರೆಸಿಕೊಂಡು ಶುರುಮಾಡಿದೆ.

"ಅಜ್ಜೀ, ನೀವೇನೂ ಯೋಚನೆ ಮಾಡ್ಬೇಡಿ. ನಾವು ಹೊಲಿಯೋದು ಬರೀ ಮೆತ್ತನೇ ಬಟ್ಟೆ. ರೇಷ್ಮೆ ಕುಪ್ಪಸ, ಕೂಸಿನ ಜುಬ್ಬ, ದೇವರಿಗೆ ವಸ್ತ್ರ. ನಿಮ್ಮ ಮಿಷನ್ನಿಗೆ ಒಂದು ಚೂರೂ ನೋವಾಗಲ್ಲ. ಹೂವಿನ ಹಾಗೆ ನೋಡ್ಕೋತೀವಿ."

ಗೌರಿ ಮಿಷನ್ನಿನ ಕೆಳಗಿನಿಂದ ತಲೆ ತೆಗೆದು ನನ್ನನ್ನೇ ನೋಡಿದಳು.

ದ್ಯಾವಮ್ಮ ಟೀವಿಯ ಸದ್ದು ತಗ್ಗಿಸಿದರು. "ಅಂಗಾರೆ ಕೊಡಾಕಿಲ್ಲ ಬುಡವ್ವ."

"ಯಾಕಜ್ಜಿ?"

"ಕುಪ್ಪಸ ಹೊಲ್ಯಾಕೆ ಇದ್ಯಾಕೆ? ಆನೆ ಕೊಂಡೋಗಿ ಮಜ್ಜಿಗೆ ಕಡೆಸ್ತೀರಾ? ಕಾಪಿ ಕುಡ್ಕೊಂಡು ಓಗ್ರವ್ವ."

ಕಾಫಿ ಕುಡಿದು ಬೀದಿಗೆ ಬಂದೆವು. ಎದುರಿಗೊಂದು ಕಲ್ಲುಬೆಂಚಿತ್ತು. ಗೌರಿ ಅದರ ಮೇಲೆ ಕೂತು ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡಳು.

"ಅತ್ಗೆ, ರೆಕ್ಸಿನ್ ಹೊಲಿಯೋದು ನಾಚ್ಕೆ ಕೆಲಸ್ವಾ?"

"ಅಯ್ಯೋ, ಹಂಗಲ್ಲ ಕಣೇ. ಅಜ್ಜಿಗೆ ಬೇಜಾರಾಗ್ಬಾರ್ದು ಅಂತ..."

"ಆರು ವರ್ಷ ನಾನು ಹೊಲ್ದೆ, ಹೆಸರು ಅಂಗ್ಡಿಯೋರ್ದು. ನೀವೂ ನೆಂಟರು ಕೇಳಿದ್ರೆ, ಗೌರಿ ಬಟ್ಟೆ ಅಂಗ್ಡೀಲಿ ಇದಾಳೆ ಅಂತೀರಿ. ನಾನು ಕೇಳಿಸ್ಕೊಂಡಿದೀನಿ. ಈ ಒಂದ್ಸಲ ನನ್ನ ಕೆಲಸದ ಹೆಸರು ಹೇಳಿ ಕೇಳಿದ್ರೆ ಏನಾಗ್ತಿತ್ತು?"

ಬಟ್ಟೆ ಅಂಗಡಿ ಎಂದು ಹೇಳಿದ್ದು ನಿಜ, ಒಂದು ಸಲವಲ್ಲ.

ಮಾವ ಎಲೆಅಡಿಕೆ ಉಗಿದು ಬಂದು ಹೇಳಿದರು: "ಮೈಮ್ಯಾಲಿನ ಕೆಟ್ಟ ಸುಳಿ ಮುಚ್ಚಿ ಎತ್ತು ಮಾರೋರ ಬೇಕಾದಷ್ಟು ಕಂಡಿವ್ನಿ ಕಣಮ್ಮಿ ಜಯೀ. ಒಳ್ಳೇ ಸುಳಿ ಮುಚ್ಕೊಂಡು ಯಾಪಾರಕ್ಕೋದೋಳ ಇವತ್ತೇ ಕಂಡಿದ್ದು."

ಎದ್ದು ಒಬ್ಬಳೇ ವಾಪಸು ಹೋದೆ. ಆ ಬೀದಿ ಹತ್ತು ಹೆಜ್ಜೆ ಅಗಲವಿರಬಹುದು, ದಾಟಲು ನನಗೆ ಬಹಳ ಹೊತ್ತು ಹಿಡಿಯಿತು. ಹೊಸಿಲಲ್ಲಿ ನಿಂತು, "ಅಜ್ಜೀ, ನಾನು ಸುಳ್ಳು ಹೇಳ್ದೆ. ಹೊಲಿಯೋಳು ನಾನಲ್ಲ, ನನ್ನ ನಾದಿನಿ. ಅವಳು ಆಟೋ ಟಾಪು ಹೊಲೀತಾಳೆ. ರೆಕ್ಸಿನ್ನು, ಎಂಟು ಪದರ" ಎಂದೆ.

ದ್ಯಾವಮ್ಮ ಈ ಸಲ ಟೀವಿಯನ್ನು ಆರಿಸಿಯೇಬಿಟ್ಟರು. "ಮೊದ್ಲೇ ಬೊಗುಳೋಕೆ ಏನಾಗಿತ್ತೇ ನಿಂಗೆ? ಕರಿ ಅವ್ಳ!"

ಆಮೇಲೆ ತಿಳಿಯಿತು. ಅವರ ಯಜಮಾನರದು ಟೂರಿಂಗ್ ಟಾಕೀಸಂತೆ. ಊರೂರಿಗೆ ಟೆಂಟು ಹೊತ್ತುಕೊಂಡು ಹೋಗುವುದು. ಟೆಂಟಿನ ಬಟ್ಟೆ ಹೊಲಿದವರು, ಹರಿದಾಗಲೆಲ್ಲ ತೇಪೆ ಹಾಕಿದವರು ಈ ದ್ಯಾವಮ್ಮ, ಈ ಮಿಷನ್ನಿನಲ್ಲಿ. "ಹಿರೀಸಾವೇಲಿ ಆಕಿದಾಗ ಕಣವ್ವ, ದಿನಾ ಒಂದು ತೂತು! ಉಡ್ರು ಮುಂಡೇವು ತೂತಲ್ಲಿ ಕಣ್ಣಿಕ್ಕಿ ಪುಕ್ಸಟ್ಟೆ ನೋಡವು. ನಾನು ಮುಚ್ಚೋದು, ಅವು ತೆಗ್ಯೋದು!"

ಮಾವ ಹೋ ಎಂದು ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ. ಹುಣಸೆ ಬರಲಿನ ತುದಿ ಚೂಪು ಮಾಡಿಕೊಂಡು ಆ ಟೆಂಟಿಗೆ ಹೋಗುತ್ತಿದ್ದ ಒಬ್ಬ ಹುಡುಗಿಯ ಪರಿಚಯ ನನಗೆ ಚೆನ್ನಾಗಿ ಇತ್ತು. ಆದರೆ ಒಂದು ಮಧ್ಯಾಹ್ನಕ್ಕೆ ಒಂದು ತಪ್ಪೊಪ್ಪಿಗೆ ಸಾಕು ಅನ್ನಿಸಿತು.

ಟೀವಿ ಇಳಿಸಿದ್ದಾಯಿತು. ಗೌರಿ ಎಣ್ಣೆ ಬಿಟ್ಟು, ದಪ್ಪ ಸೂಜಿ ಕೂರಿಸಿ, ದಾರ ಪೋಣಿಸಿದಳು. ದ್ಯಾವಮ್ಮ ಕಟ್ಟನ್ನು ಇಸಿದುಕೊಂಡು ಬೆರಳಲ್ಲಿ ಒಂದೊಂದೇ ಪದರ ಎಣಿಸಿ ವಾಪಸು ಕೊಟ್ಟು, ಕಣ್ಣು ಮುಚ್ಚಿ ಕೂತರು. ಗೌರಿ ಪೆಡಲ್ಲು ಒತ್ತಿದಳು. ದಡಕ್, ದಡಕ್, ದಡಕ್. ಭತ್ತ ಕುಟ್ಟುವವರ ಹಾಗೆ ಆತುರವಿಲ್ಲದ ಸದ್ದು. ಸೂಜಿ ಎಂಟನ್ನೂ ದಾಟಿ ಇಳಿದು, ದಾರ ಕಚ್ಚಿಕೊಂಡು ಮೇಲೆ ಬಂತು. ನನ್ನ ನಾದಿನಿ ಕೂತು ಕೆಲಸ ಮಾಡುವುದನ್ನು ನಾನು ಸರಿಯಾಗಿ ನೋಡಿದ್ದು ಅದೇ ಮೊದಲು. ಅವಳ ಎರಡು ಕೈಯೂ ಆ ಒರಟು ರೆಕ್ಸಿನ್ನನ್ನು ಎಳೆಯುತ್ತಿರಲಿಲ್ಲ, ದಾರಿ ತೋರಿಸುತ್ತಿದ್ದವು, ಅಷ್ಟೆ.

"ಸಾಕು, ಎತ್ಕೊಂಡೋಗು" ಎಂದರು ದ್ಯಾವಮ್ಮ ಕಣ್ಣು ಬಿಡದೆ. ಅವರು ಹೇಳಿದಷ್ಟು ದುಡ್ಡು ನಾವು ಕೊಟ್ಟೆವು, ಯಾರೂ ಚೌಕಾಸಿ ಮಾಡಲಿಲ್ಲ. ದ್ಯಾವಮ್ಮ ಚಕ್ರಕ್ಕೆ ಅರಿಸಿನ ಕುಂಕುಮ ಇಟ್ಟರು. ಆಮೇಲೆ ಬಗ್ಗಿ, ಮೇಲಿನ ಚಕ್ರಕ್ಕೂ ಕೆಳಗಿನ ದೊಡ್ಡ ಚಕ್ರಕ್ಕೂ ಸುತ್ತಿದ್ದ ತೊಗಲಿನ ಬೆಲ್ಟನ್ನು ಬಿಚ್ಚಿ, ದನದ ಹಗ್ಗದಂತೆ ಕೈಗೆ ಸುತ್ತಿಕೊಂಡರು.

"ಅಜ್ಜೀ, ಅದು?"

"ಅಗ್ಗ ಕೊಡಾಕಿಲ್ಲ ಕಣವ್ವ. ದನ ಕೊಟ್ರೂ ಅಗ್ಗ ನಮ್ದು. ನಮ್ ಕೊಟ್ಗೇಲಿ ಅದು ಉಳೀಬೇಕು. ಒಸಾ ಅಗ್ಗ ತಗೊಳ್ಳೋರು ತರ್ಬೇಕು. ಯಾಕೆ, ನಿಮ್ ಕಡೆ ಇಲ್ವಾ?"

ನಾವಿಬ್ಬರೂ ಮಾವನ ಕಡೆ ತಿರುಗಿದೆವು. ನಲವತ್ತು ವರ್ಷದ ಅನುಭವಸ್ಥರು ಸೂರು ನೋಡುತ್ತಿದ್ದರು. "ಅವ್ವ ಏಳೋದು ಸರಿಯಾಗದೆ" ಎಂದರು ಸಣ್ಣ ದನಿಯಲ್ಲಿ. "ಕೊಳ್ಳೋರೇ ತರ್ಬೇಕು. ನಾನು ಮರ್ತೆ."

ಹಾಸನದ ಬಸ್ಸಿಗೆ ಮಿಷನ್ನು ಹತ್ತಿಸಿದಾಗ ಕಂಡಕ್ಟರು ಲಗೇಜು ಟಿಕೆಟ್ ಹರಿದ. "ಯಾಕಪ್ಪಾ, ಇದೂ ಹೆಣ್ಣೇಯ. ಅರಿಸಿನ ಕುಂಕುಮ ಕಾಣಾಕಿಲ್ವಾ?" ಎಂದರು ಮಾವ. "ಆಧಾರ್ ತೋರ್ಸಿ ಯಜಮಾನ್ರೇ" ಎಂದ ಕಂಡಕ್ಟರು. ಬಸ್ಸು ನಕ್ಕಿತು. ಮಾವ ಎರಡೂ ಟಿಕೆಟ್ಟನ್ನು ಜೇಬಿಗೆ ಹಾಕಿಕೊಂಡರು.

ಭಾನುವಾರ ಮಿಷನ್ ಸಾಮಾನಿನ ಅಂಗಡಿಗೆ ಬೀಗ. ನಾನು ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಕಟ್ಟಿದೆ, ಜಾರಿತು. ಹಳೇ ಸೀರೆಯ ಅಂಚು ಹೊಸೆದು ಕಟ್ಟಿದೆ, ಹತ್ತು ಸುತ್ತಿಗೆ ಹರಿಯಿತು. ಮಂಜಣ್ಣನ ಆಟೋದ ರೆಕ್ಸಿನ್ನು ಅಳತೆಗೆ ಕತ್ತರಿಸಿಟ್ಟು ಗೌರಿ ಸುಮ್ಮನೆ ಕೂತಿದ್ದಳು. ಕೂತವಳು ಮಾವನ ಸೊಂಟವನ್ನೇ ನೋಡತೊಡಗಿದಳು.

ಮಾವ ಪಂಚೆಯ ಮೇಲೆ ಕಟ್ಟುವುದು ಅಂಗೈ ಅಗಲದ, ಎರಡು ಜೇಬಿರುವ ತೊಗಲಿನ ನಡುಪಟ್ಟಿ. ಎತ್ತಿನ ಯಾಪಾರಕ್ಕೆಲ್ಲ ಅದನ್ನು ಕಟ್ಟಿಕೊಂಡೇ ಹೋದವರು, ಮಲಗುವಾಗಲೂ ಬಿಚ್ಚುವವರಲ್ಲ.

"ಏನವ್ವಾ ಅಂಗೆ ನೋಡ್ತೀಯ?"

ಗೌರಿ ಕತ್ತರಿಯನ್ನು ಮಾತ್ರ ಕೈಗೆ ತೆಗೆದುಕೊಂಡಳು.

ಮಾವ ಒಂದು ಸಲ ಕತ್ತರಿ ನೋಡಿದರು, ಒಂದು ಸಲ ಮಿಷನ್ನು ನೋಡಿದರು. ಜೇಬಿನಿಂದ ಕಣ್ಣಿನ ಔಷಧಿ, ಎಲೆಅಡಿಕೆ, ಎರಡು ಬಸ್ ಟಿಕೆಟ್ಟು ತೆಗೆದು ಪಕ್ಕಕ್ಕಿಟ್ಟರು. "ಕುಯ್ಕೋ" ಎಂದು ಬಿಚ್ಚಿಕೊಟ್ಟರು. "ಅಗ್ಗ ಮರ್ತೋನು ನಾನೇ ಅಲ್ವಾ."

ಎರಡು ಸೀಳು ಸೀಳಿ, ತಂತಿ ಹಾಕಿ ಸೇರಿಸಿ, ಚಕ್ರಕ್ಕೆ ಏರಿಸಿದಳು. ಹಿಡಿಯಿತು. ಸಂಜೆಯವರೆಗೆ ಜಗಲಿಯಲ್ಲಿ ದಡಕ್ ದಡಕ್ ನಿಲ್ಲಲಿಲ್ಲ. ಮಾವ ಒಂದು ಕೈಯಲ್ಲಿ ಪಂಚೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅಲ್ಲಿ ಹೊಲಿ, ಇಲ್ಲಿ ಹೊಲಿ ಎಂದು ತೋರಿಸುತ್ತ ಓಡಾಡಿದರು. ಒಂದೆರಡು ಸಲ ಉತ್ಸಾಹದಲ್ಲಿ ಎರಡೂ ಕೈಯಿಂದ ತೋರಿಸಲು ಹೋದಾಗ ನಾನು ಬೇರೆ ಕಡೆ ತಿರುಗಿಕೊಳ್ಳಬೇಕಾಯಿತು.

ಸೋಮವಾರ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಏಳೆಂಟು ಜನ ಡ್ರೈವರುಗಳು, ನಾಲ್ಕು ಬಕೆಟ್ಟು ನೀರು. ಒಳಗೆ ಯಾರನ್ನಾದರೂ ಕೂರಿಸಬೇಕು ಎಂದಾಯಿತು. ಮಂಜಣ್ಣ ಹತ್ತಲು ಹೋದ.

"ನೀನು ಬೇಡ. ಅತ್ಗೆ ಕೂತ್ಕೊಳ್ಳಿ" ಎಂದಳು ಗೌರಿ.

ಇಸ್ತ್ರಿ ಮಾಡಿದ ಸೀರೆಯುಟ್ಟುಕೊಂಡು ಬಂದಿದ್ದೆ. ಆದರೂ ಹತ್ತಿ ಕೂತೆ. ತಲೆಯ ಮೇಲೆ ನೀರು ಸುರಿಯಿತು, ಮೂಲೆ ಮೂಲೆಗೂ ಹುಡುಕಿ ಹುಡುಕಿ ಸುರಿದರು. ಒಬ್ಬ ಎಂಟು ಪದರದ ಮೂಲೆಗೇ ಒಂದು ಪೂರಾ ಬಕೆಟ್ಟು ಹುಯ್ದ. ನಾನು ಅಂಗೈ ಮೇಲಕ್ಕೆ ಹಿಡಿದುಕೊಂಡು ಕೂತಿದ್ದೆ. ಒಂದು ಹನಿ ಬೀಳಲಿಲ್ಲ.

"ಯಾರು ಹೊಲ್ದಿದ್ದು?" ಎಂದ ಒಬ್ಬ ಹಿರಿಯ ಡ್ರೈವರು, ಗೊತ್ತಿದ್ದೂ.

"ಗೌರಿ" ಎಂದೆ ಒಳಗಿನಿಂದಲೇ, ಸ್ವಲ್ಪ ಜೋರಾಗಿ. "ನನ್ನ ನಾದಿನಿ. ಆಟೋ ಟಾಪು ಹೊಲಿಯೋದೇ ಅವಳ ಕೆಲಸ."

ಯಾರೂ ಚಪ್ಪಾಳೆ ತಟ್ಟಲಿಲ್ಲ. "ನೋಡಣ ಬುಡಕ್ಕ" ಎಂದು ಬಕೆಟ್ಟು ಮಗುಚಿಟ್ಟು ಅವರವರ ಗಾಡಿಗೆ ಹೋದರು. ಮಂಗಳವಾರ ಯಾರೂ ಬರಲಿಲ್ಲ. ಬುಧವಾರವೂ ಬರಲಿಲ್ಲ. ಗೌರಿ ಮಿಷನ್ನಿಗೆ ಎಣ್ಣೆ ಬಿಟ್ಟಳು, ಒರೆಸಿದಳು, ಮತ್ತೆ ಎಣ್ಣೆ ಬಿಟ್ಟಳು. ಮಾವ ಸೊಂಟಕ್ಕೆ ಹುರಿಹಗ್ಗ ಕಟ್ಟಿಕೊಂಡು ಹಿರೀಸಾವೆಗೆ ಹೊರಟುಹೋದರು.

ಗುರುವಾರ ಮಧ್ಯಾಹ್ನ ನಾವಿಬ್ಬರೂ ಊಟಕ್ಕೆ ಕೂತಿದ್ದಾಗ ಬೀದಿಯಲ್ಲಿ ಆಟೋ ನಿಂತ ಸದ್ದಾಯಿತು. ಒಂದಲ್ಲ, ಮೂರು. ಮುಂದಿನದರಲ್ಲಿ ಆ ಹಿರಿಯ ಡ್ರೈವರು ಇದ್ದ. ಗೌರಿ ಅರ್ಧ ಊಟಕ್ಕೇ ಎದ್ದು ಕೈ ತೊಳೆದುಕೊಂಡಳು. ಮೊಳೆಗೆ ನೇತುಹಾಕಿದ್ದ ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಹೊರಗೆ ಹೋಗಿ, "ಯಾರ್ದು ಮೊದ್ಲು?" ಎಂದಳು.